ಪದಚರ್ಚೆ: ‘ಡುಂಕೆಲ್‌ಫ್ಲೌಟೆ’ಗೆ ‘ಬಿಸಿಲು-ಗಾಳಿ ಬರ’

ಬಳಗದ ಎಲ್ಲರಿಗೂ ನಮಸ್ಕಾರ.

ಬಿಸಿಲೂ ಗಾಳಿಯೂ ಒಟ್ಟಿಗೇ ಕೈಕೊಟ್ಟು ಸೌರ ವಿದ್ಯುತ್ತೂ ಗಾಳಿ ವಿದ್ಯುತ್ತೂ ಕುಸಿಯುವ ದಿನಗಳಿಗೆ ಜರ್ಮನರು ಹೇಳುವ ‘ಡುಂಕೆಲ್‌ಫ್ಲೌಟೆ’ಗೆ ಕನ್ನಡದಲ್ಲಿ ಏನೆನ್ನಬೇಕು ಎಂಬ ಪ್ರಶ್ನೆ ಬಳಗದಲ್ಲಿ ಬಂದಿದೆ. ಪ್ರಶ್ನೆ ಕೇಳಿದವರು ಯುರೋಪಿನ ವಿದ್ಯುತ್ ಪೂರೈಕೆಯ ಕುರಿತಾದ ಲೇಖನದ ಅನುವಾದವನ್ನು ನಾಳೆಯೇ ಒಪ್ಪಿಸಬೇಕಿರುವುದರಿಂದ ಮೊದಲು ಪದವನ್ನು ಹೇಳಿಬಿಡುತ್ತೇನೆ: ‘ಬಿಸಿಲು-ಗಾಳಿ ಬರ’.

ಬಳಗದಲ್ಲಿ ಸೂಚಿಸಿದ ಪದಗಳಲ್ಲಿ ‘ನಿರ್ವಾತ’ ಸಲ್ಲದು. ಸಂಸ್ಕೃತದಲ್ಲಿ ಅದಕ್ಕೆ ಗಾಳಿ ಬೀಸದಿರುವುದು ಎಂಬ ಅರ್ಥವಿದ್ದರೂ, ನಮ್ಮ ವಿಜ್ಞಾನ ಪಠ್ಯಗಳು ಅದನ್ನು ಗಾಳಿಯೇ ಇಲ್ಲದ ಬರಿದಾದ ಜಾಗಕ್ಕೆ ಎಂದೋ ಮೀಸಲಿಟ್ಟಿವೆ. ‘ಕತ್ತಲ ನಿಶ್ಚಲತೆ’ಯೂ ಬೇಡ. ‘ಡುಂಕೆಲ್’ ಎಂದರೆ ಕತ್ತಲೆ ಎಂಬುದು ನಿಜ. ಆದರೆ ವಿದ್ಯುತ್ತಿನ ಸುದ್ದಿಯಲ್ಲಿ ಕತ್ತಲೆ ಎಂದೊಡನೆ ಕಲಬುರಗಿಯ ಓದುಗರಿಗೆ ನೆನಪಾಗುವುದು ಲೋಡ್‌ಶೆಡ್ಡಿಂಗ್. ಇಂಥದೇ ಕೊರತೆ ಬಂದಿದ್ದ 2024ರ ಡಿಸೆಂಬರ್ 12ರಂದು ಜರ್ಮನಿ ಕತ್ತಲಲ್ಲಿ ಮುಳುಗಲಿಲ್ಲ. ಸಗಟು ಮಾರುಕಟ್ಟೆಯಲ್ಲಿ ಒಂದು ಮೆಗಾವಾಟ್-ಗಂಟೆ ವಿದ್ಯುತ್ತಿನ ಬೆಲೆ ಸಂಜೆಯ ವೇಳೆಗೆ 900 ಯೂರೋ ದಾಟಿತು, ಅಷ್ಟೆ.

ಇಲ್ಲಿ ಪದಕ್ಕೆ ಬೇಕಾದ ಮುಖ್ಯ ಗುಣ ಕಾಲದ ವಿಸ್ತಾರ, ಅದನ್ನೇ ಈವರೆಗೆ ಯಾರೂ ಎತ್ತಲಿಲ್ಲ. ಚಳಿಗಾಲದಲ್ಲಿ ಅಧಿಕ ಒತ್ತಡದ ವಾಯುರಾಶಿ ಉತ್ತರ ಯುರೋಪಿನ ಮೇಲೆ ಬಂದು ನೆಲೆನಿಂತಾಗ ಮಂಜೂ ತಗ್ಗಿನ ಮೋಡವೂ ಕವಿದು, ಹಗಲು ಮೊದಲೇ ಗಿಡ್ಡವಾಗಿರುವ ನಾಡಿನಲ್ಲಿ ಸೌರಫಲಕಗಳೂ ಗಾಳಿಯಂತ್ರಗಳೂ ಹಲವು ದಿನ ಒಟ್ಟಿಗೇ ಸೊರಗುತ್ತವೆ. ಅದೇ ಹೊತ್ತಿಗೆ ಮನೆ ಕಾಯಿಸುವ ಬೇಡಿಕೆ ಏರಿರುತ್ತದೆ, ನೆರೆಯ ದೇಶಗಳಲ್ಲೂ ಅದೇ ಕೊರತೆ ಇರುತ್ತದೆ. ಗ್ರಿಡ್‌ನಲ್ಲಿ ಉತ್ಪಾದನೆಯೂ ಬಳಕೆಯೂ ಕ್ಷಣಕ್ಷಣಕ್ಕೂ ಸರಿದೂಗಲೇಬೇಕು. ಈಗಿನ ಬ್ಯಾಟರಿಗಳು ಬಹುಮಟ್ಟಿಗೆ ಕೆಲವೇ ತಾಸುಗಳಿಗೆ ಸಾಲುವಂಥವು. ದಿನಗಟ್ಟಲೆಯ ಕೊರತೆಗೆ ಅನಿಲ ಸ್ಥಾವರ, ಕಲ್ಲಿದ್ದಲು, ಜಲಾಶಯಗಳೇ ಗತಿ. ಜರ್ಮನಿ ತನ್ನ ಕೊನೆಯ ಮೂರು ಅಣುಸ್ಥಾವರಗಳನ್ನು 2023ರ ಏಪ್ರಿಲಿನಲ್ಲಿ, ಬ್ರಿಟನ್ ತನ್ನ ಕೊನೆಯ ಕಲ್ಲಿದ್ದಲು ಸ್ಥಾವರವನ್ನು 2024ರ ಸೆಪ್ಟೆಂಬರಿನಲ್ಲಿ ಮುಚ್ಚಿದ ಮೇಲೆ ಈ ಪದ ಸುದ್ದಿಯಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತಿರುವುದು ಸಹಜ.

‘ಬರ’ ಒಂದು ಗಳಿಗೆಯದಲ್ಲ. ನೀರಿಗೆ ಬರ, ಮೇವಿಗೆ ಬರ ಎನ್ನುವ ನಮ್ಮ ಸೀಮೆಯಲ್ಲಿ ಅದರೊಳಗೆ ಕಾಲವೂ ಕೊರತೆಯೂ ಎರಡೂ ಅಡಗಿವೆ. ಹಳಗನ್ನಡದಲ್ಲಿ ಇದು ಶಕಟರೇಫದ, ಎಂದರೆ ಈಗ ಬಳಕೆ ತಪ್ಪಿದ ‘ಱ’ ಅಕ್ಷರದ, ‘ಬಱ’. ‘ಬರಡು’ ಇದರ ಒಡಹುಟ್ಟು. ಬಿಸಿಲು, ಗಾಳಿ, ಬರ ಮೂರೂ ಅಚ್ಚಗನ್ನಡವಾದ್ದರಿಂದ ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆಯುವ ಅರಿಸಮಾಸದ ಮಾತೇ ಏಳುವುದಿಲ್ಲ. ‘ಸೌರ-ಗಾಳಿ ಬರ’ ಎಂದವರಿಗೆ ಆ ದೋಷ ತಟ್ಟುತ್ತದೆ. ನಮ್ಮ ಮಳಖೇಡದ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಇಂಥ ಬೆರಕೆಯನ್ನು ಕುದಿವ ಹಾಲಿಗೆ ಮಜ್ಜಿಗೆ ಹನಿಸಿದಂತೆ ಎಂದು ಸುಮ್ಮನೆ ಹೇಳಲಿಲ್ಲ.

ಜರ್ಮನ್ ಪದವನ್ನೇ ಇಟ್ಟುಕೊಳ್ಳೋಣ, ‘ಕರೆಂಟು’ ಬಂದಂತೆ ಇದೂ ಬರಲಿ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ದವಾಖಾನೆ, ಕಚೇರಿ ಎನ್ನುವ ಜಿಲ್ಲೆಯವನಾದ ನನಗೆ ಎರವಲಿನ ಮೇಲೆ ಹಗೆಯಿಲ್ಲ. ಗ್ರಿಡ್, ಬ್ಯಾಟರಿಗಳನ್ನು ಮೇಲೆ ನಾನೇ ಬಳಸಿದ್ದೇನೆ. ಆದರೆ ಕರೆಂಟು ತಂತಿಯೊಡನೆ ಮನೆಮನೆಗೆ ಬಂದು ನಾಲಿಗೆಗೆ ಹತ್ತಿದ ಮಾತು. ಗಾಳಿ ಬೀಸದ ಹೊತ್ತಿಗೆ ಹಾಯಿಹಡಗಿನವರು ಹೇಳುವ ‘ಫ್ಲೌಟೆ’ಯನ್ನು ಇಲ್ಲಿನ ಓದುಗರು ಎಲ್ಲಿಯೂ ಕೇಳಿಲ್ಲ, ಕೇಳಿದರೂ ಅದರಿಂದ ಏನೂ ತಿಳಿಯದು.

ಡಿಸೆಂಬರಿನಲ್ಲೂ ಚೆನ್ನಾಗಿ ಬಿಸಿಲು ಬೀಳುವ ಬೀದರ್, ಯಾದಗಿರಿಯ ಓದುಗರಿಗಾಗಿ ಮೊದಲ ಸಲ ‘ಯುರೋಪಿನ ಚಳಿಗಾಲದ ಬಿಸಿಲು-ಗಾಳಿ ಬರ’ ಎಂದು ಪೂರ್ತಿ ಬರೆದು, ಬಳಿಕ ಚಿಕ್ಕ ರೂಪವನ್ನೇ ಬಳಸಿರಿ. ಶೀರ್ಷಿಕೆಯಲ್ಲಿ ಅಡ್ಡಗೆರೆ ಉಳಿಯಲಿ.