ಅಪ್‌ಡೇಟ್: ಮೀನಿನ ಸಾಸ್ ಇಲ್ಲದ ಊಟ ಕೊನೆಗೂ ಸಿಕ್ಕಿತು

ಸಸ್ಯಾಹಾರಿ ಗೆಳತಿಯನ್ನು ಮನೆ ಹತ್ತಿರದ ಪುಟ್ಟ ಏಷ್ಯನ್ ಫ್ಯೂಷನ್ ರೆಸ್ಟೋರೆಂಟ್‌ಗೆ ಕರೆದುಕೊಂಡು ಹೋಗಬೇಕು, ಏನು ಆರ್ಡರ್ ಮಾಡಲಿ ಅಂತ ಹೋದ ವಾರ ಇಲ್ಲಿ ಕೇಳಿದ್ದೆ. ನಿನ್ನೆ ಹೋಗಿ ಬಂದೆವು.

"ತೋಫು (ಸೋಯಾ ಹಾಲಿನ ಪನೀರ್) ಇರುವುದನ್ನು ತಗೊಳ್ಳಿ, ಸಾಕು" ಅಂತ ಕೆಲವರು ಅಂದಿದ್ದರಲ್ಲ, ಆ ಸಲಹೆ ನಡೆಯಲಿಲ್ಲ. ಅಲ್ಲಿನ ತೋಫು ಸ್ಟರ್ ಫ್ರೈಗೆ ಆಯ್ಸ್ಟರ್ ಸಾಸ್, ಅಂದರೆ ಸಿಂಪಿಯಿಂದ ಮಾಡುವ ಸಾಸ್, ಹಾಕುತ್ತಾರೆ. ಮೆನುವಿನಲ್ಲಿ ಅದರ ಪಕ್ಕ ಹಸಿರು ಎಲೆಯ ಗುರುತು ಬೇರೆ! ಸುಮ್ನೆ ನಂಬಿದ್ದರೆ ಕಥೆ ಮುಗಿದಿತ್ತು.

ಕೆಲಸಕ್ಕೆ ಬಂದದ್ದು "ಮಧ್ಯಾಹ್ನದ ರಶ್ ಮುಗಿದ ಮೇಲೆ ಫೋನ್ ಮಾಡಿ, ವೆಜ್ ಇದೆಯಾ ಅನ್ನಬೇಡಿ, ಸಾಸ್‌ಗಳ ಹೆಸರು ಹಿಡಿದು ಕೇಳಿ" ಎಂಬ ಸಲಹೆ. ಕೊಟ್ಟವರಿಗೆ ದೊಡ್ಡ ಥ್ಯಾಂಕ್ಸ್. ಸಣ್ಣ ಜಾಗ ಅಲ್ವಾ, ಅಡುಗೆ ಮಾಡುವವರೇ ಫೋನ್ ತೆಗೆದರು. ಮೀನಿನ ಸಾಸ್, ಆಯ್ಸ್ಟರ್ ಸಾಸ್, ಒಣ ಸೀಗಡಿ ಒಂದೊಂದಾಗಿ ಕೇಳಿದೆ. ಬೇಸರವಿಲ್ಲದೆ ಉತ್ತರ ಕೊಟ್ಟರು.

ನನಗೆ ಆಶ್ಚರ್ಯ ಆಗಿದ್ದು ಮಿಸೊ ಸೂಪ್. ಮಿಸೊ ಅಂದರೆ ಹುದುಗಿಸಿದ ಸೋಯಾ ಪೇಸ್ಟ್, ಅದರಲ್ಲೇನು ತೊಂದರೆ ಅಂದುಕೊಂಡಿದ್ದೆ. ತೊಂದರೆ ಇರುವುದು ಆ ಪೇಸ್ಟ್ ಕಲಸುವ ದಾಶಿ ಎಂಬ ಸಾರಿನಲ್ಲಿ. ಅದನ್ನು ಸಾಮಾನ್ಯವಾಗಿ ಒಣಗಿಸಿದ ಬೊನಿಟೊ ಮೀನಿನ ಚೂರುಗಳಿಂದ ಮಾಡುತ್ತಾರೆ. ಕಿಮ್ಚಿ ಅನ್ನುವ ಹುದುಗಿಸಿದ ಕೊರಿಯನ್ ತರಕಾರಿಯಲ್ಲೂ ಜಾಸ್ತಿ ಕಡೆ ಮೀನಿನ ಸಾಸ್ ಅಥವಾ ಉಪ್ಪು ಹಾಕಿದ ಸೀಗಡಿ ಇರುತ್ತದೆ. ಈ ರೆಸ್ಟೋರೆಂಟ್‌ನವರು ನಮಗಾಗಿ ಕೊಂಬು ಎಂಬ ಕಡಲಪಾಚಿ ಮತ್ತು ಒಣ ಶಿಟಾಕೆ ಅಣಬೆ ನೆನೆಸಿ ಬೇರೆ ದಾಶಿ ಮಾಡಿದ್ದರು. ಗೆಳತಿ ಎರಡು ಬಟ್ಟಲು ಕುಡಿದಳು.

ನೂಡಲ್ಸ್ ಮಾತ್ರ ಸಪ್ಪೆ. ಕಿಮ್ಚಿ ಮುಟ್ಟಲಿಲ್ಲ.