ಅಂಗಡಿ ಮುಚ್ಚಿದೆ, ಸಾಲ ಹಾಗೇ ಇದೆ. ದಿವಾಳಿ ಅರ್ಜಿ ಹಾಕಬಹುದಾ?

ಹುಮನಾಬಾದ್ ಟೇಲರ್:
ಎಲ್ಲರಿಗೂ ನಮಸ್ಕಾರ. ನನ್ನದು ಹೊಲಿಗೆ ಅಂಗಡಿ, ಜೊತೆಗೆ ಸ್ವಲ್ಪ ರೆಡಿಮೇಡ್ ಬಟ್ಟೆ ಇತ್ತು. ಅದೇ ರಸ್ತೆಗೆ ದೊಡ್ಡ ಮಳಿಗೆ ಬಂದ ಮೇಲೆ ನನ್ನ ಮಾಲು ಕದಲಲೇ ಇಲ್ಲ. ಈಗ ಬ್ಯಾಂಕಿನ ಮುದ್ರಾ ಸಾಲ ನಾಲ್ಕು ಲಕ್ಷ, ಬೀದರ್‌ನ ಹೋಲ್‌ಸೇಲ್ ಸೇಠರಿಗೆ ಎರಡೂವರೆ, ಸೊಸೈಟಿಯಲ್ಲಿ ಒಂದೂವರೆ. ಸೊಸೈಟಿ ಸಾಲಕ್ಕೆ ನಮ್ಮ ಷಡ್ಡಕ ಜಾಮೀನು ನಿಂತಿದ್ದಾರೆ. ಒಬ್ಬರ ಹತ್ತಿರ ತಿಂಗಳಿಗೆ ನೂರಕ್ಕೆ ಐದರ ಬಡ್ಡಿಯಲ್ಲಿ ಎಂಬತ್ತು ಸಾವಿರ ತಂದಿದ್ದೇನೆ. ಹೆಂಡತಿ ಹೆಸರಲ್ಲಿ ಮೈಕ್ರೋ ಫೈನಾನ್ಸ್ ಬೇರೆ.

ಜಹೀರಾಬಾದ್ ಕಡೆಯ ನೆಂಟರು "ಐಪಿ, ಅಂದರೆ ದಿವಾಳಿ ಅರ್ಜಿ, ಹಾಕಿಬಿಡು, ಎಲ್ಲಾ ಮುಗೀತದ" ಅಂತಾರೆ. ನಿಜವಾ? ನಮ್ಮ ಕಡೆ ಆಗುತ್ತಾ? ಹೊಲಿಗೆ ಮಷಿನ್ನೂ ಹೋಗುತ್ತಾ?

ಶಹಾಪುರದವ:
ಸುಮ್ನೆ ಆ ದಾರಿಗೆ ಹೋಗಬೇಡಿ ಅಣ್ಣಾ. ದಿವಾಳಿ ಎದ್ದವನಿಗೆ ಊರಲ್ಲಿ ಒಂದು ಚಹಾ ಕೂಡ ಉದ್ರಿ ಸಿಗಲ್ಲ. ಮಗಳ ಮದುವೆ ಮಾತುಕತೆಯಲ್ಲೂ ಇದೇ ಬರುತ್ತೆ.

ಗುಮಾಸ್ತ, ಕಲಬುರಗಿ:
ಶಹಾಪುರದವರೇ, ತಿಂಗಳಿಗೆ ನಾಲ್ಕು ಸಾವಿರ ಬರೀ ಬಡ್ಡಿ ಕಟ್ಟುವವನಿಗೆ ಚಹಾದ ಚಿಂತೆ ಯಾಕೆ? ನಾನು ವಕೀಲರ ಹತ್ತಿರ ಗುಮಾಸ್ತ. ಇಂಥ ಅರ್ಜಿಯ ಪಟ್ಟಿ ಬರೆಯುವುದೇ ನನ್ನ ಕೆಲಸ. ಜನ ಶಾಲೆಯ ನೋಟ್‌ಬುಕ್ಕಿನಲ್ಲಿ ಸಾಲ ಬರೆದುಕೊಂಡು ಬರುತ್ತಾರೆ. ಬ್ಯಾಂಕಿನದು ಮೊದಲ ಪುಟದಲ್ಲಿ, ಅಕ್ಕನ ಹತ್ತಿರ ತಂದ ಹತ್ತು ಸಾವಿರ ಕೊನೆಯ ಪುಟದಲ್ಲಿ, ಅದೂ ಪೆನ್ಸಿಲ್‌ನಲ್ಲಿ. ಎರಡನ್ನೂ ಪಟ್ಟಿಗೆ ಹಾಕಲೇಬೇಕು.

ಹುಮನಾಬಾದ್ ಅಣ್ಣನವರೇ, ಟಿವಿಯಲ್ಲಿ ಹೇಳುವ 2016ರ ದಿವಾಳಿ ಸಂಹಿತೆ ಇದೆಯಲ್ಲ, ಅದರ ವೈಯಕ್ತಿಕ ಭಾಗ ನಿಮ್ಮಂಥವರಿಗೆ ಇನ್ನೂ ಜಾರಿಗೆ ಬಂದಿಲ್ಲ. ಕಂಪನಿ ಸಾಲಕ್ಕೆ ಸ್ವಂತ ಜಾಮೀನು ಕೊಟ್ಟವರಿಗೆ ಮಾತ್ರ 2019ರ ಡಿಸೆಂಬರ್‌ನಿಂದ ಅನ್ವಯ. ನಮಗೆ ಇವತ್ತಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ನಿಮ್ಮ ನೆಂಟರು ಹೇಳುವ ಐಪಿ ಅದೇ.

ಇದರಿಂದ ಲಾಭ ಏನು ಅಂದರೆ, ಕೋರ್ಟು ನಿಮ್ಮನ್ನು ದಿವಾಳಿ ಅಂತ ಘೋಷಿಸಿದ ಮೇಲೆ ಸಾಲ ಕೊಟ್ಟವರೆಲ್ಲ ಒಂದೇ ಸಾಲಿನಲ್ಲಿ ನಿಲ್ಲಬೇಕು. ಜೋರು ಮಾಡಿದವನಿಗೆ ಮೊದಲು, ಸುಮ್ಮನಿದ್ದವನಿಗೆ ಏನೂ ಇಲ್ಲ ಅನ್ನುವ ಆಟ ನಿಲ್ಲುತ್ತೆ. ಆ ಸಾಲಗಳಿಗಾಗಿ ಕೋರ್ಟಿನ ಅನುಮತಿ ಇಲ್ಲದೆ ಯಾರೂ ನಿಮ್ಮ ಮೇಲೆ ಹೊಸ ದಾವೆ ಹಾಕುವಂತಿಲ್ಲ. ನಿಮ್ಮ ಆಸ್ತಿ ಕೋರ್ಟು ನೇಮಿಸುವ ರಿಸೀವರ್ ಕೈಗೆ ಹೋಗುತ್ತೆ, ಅವರು ಮಾರಿ ಎಲ್ಲರಿಗೂ ಪಾಲಿನಂತೆ ಹಂಚುತ್ತಾರೆ. ಆಮೇಲೆ ಬಿಡುಗಡೆ ಆದೇಶಕ್ಕೆ ನೀವೇ ಬೇರೆ ಅರ್ಜಿ ಹಾಕಬೇಕು. ಅದು ಸಿಕ್ಕಿದರೆ ಉಳಿದ ಸಾಲದಿಂದ ಮುಕ್ತಿ. ಅರ್ಜಿ ಹಾಕಿದ ದಿನವೇ ಎಲ್ಲಾ ಮಾಫಿ ಅನ್ನುವವರ ಮಾತು ಕೇಳಬೇಡಿ. ಘೋಷಣೆ ಆಗುವುದಕ್ಕೇ ಸಾಕಷ್ಟು ತಾರೀಖು ಬೀಳುತ್ತೆ.

ಮಷಿನ್ ಹೋಗಲ್ಲ. ಕಸುಬುದಾರನ ಉಪಕರಣ ಜಪ್ತಿ ಮಾಡಬಾರದು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲೇ ಇದೆ. ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಹೆಂಡತಿಯ ತಾಳಿಯನ್ನೂ ಮುಟ್ಟುವಂತಿಲ್ಲ. ಉಳಿದ ರೆಡಿಮೇಡ್ ಮಾಲು ಹೋಗುತ್ತೆ.

ಹುಮನಾಬಾದ್ ಟೇಲರ್:
ಮಷಿನ್ ಉಳಿದರೆ ಅರ್ಧ ಜೀವ ಬಂದಂತೆ ಸರ್. ಷಡ್ಡಕನ ಗತಿ? ಅವರಿಗೆ ತೊಂದರೆ ಆಗದ ಹಾಗೆ ಮೊದಲು ಸೊಸೈಟಿಗೆ ಕಟ್ಟಿ ಆಮೇಲೆ ಅರ್ಜಿ ಹಾಕಲಾ? ಇನ್ನೊಂದು, ನನ್ನ ಪ್ಲಾಟ್ ಒಂದಿದೆ, ಅದನ್ನು ತಮ್ಮನ ಹೆಸರಿಗೆ ಮಾಡು ಅಂತ ಒಬ್ಬರು ಹೇಳಿದರು.

ಗುಮಾಸ್ತ, ಕಲಬುರಗಿ:
ಎರಡೂ ಬೇಡ. ನಿಮಗೆ ಬಿಡುಗಡೆ ಸಿಕ್ಕರೂ ಜಾಮೀನುದಾರನಿಗೆ ಸಿಗಲ್ಲ. ಸೊಸೈಟಿ ನೇರ ಷಡ್ಡಕನ ಮನೆಗೇ ಹೋಗುತ್ತೆ. ಅವರನ್ನು ಉಳಿಸಬೇಕು ಅಂತ ಒಬ್ಬರಿಗೇ ಕಟ್ಟಿ, ಮೂರು ತಿಂಗಳೊಳಗೆ ಅರ್ಜಿ ಹಾಕಿದರೆ ಕೋರ್ಟು ಆ ಪಾವತಿಯನ್ನೇ ರದ್ದು ಮಾಡಬಹುದು. ಪ್ಲಾಟಿನದು ಇನ್ನೂ ಕೆಟ್ಟದ್ದು. ದಿವಾಳಿಗೆ ಹಿಂದಿನ ಎರಡು ವರ್ಷದೊಳಗೆ ಸರಿಯಾದ ದುಡ್ಡು ತಗೊಳ್ಳದೆ ಬೇರೆಯವರ ಹೆಸರಿಗೆ ಬರೆದ ಆಸ್ತಿಯನ್ನು ರಿಸೀವರ್ ವಾಪಸ್ ಎಳೆಯಬಹುದು. ಮುಚ್ಚಿಟ್ಟಿದ್ದು ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು. ನಿಮ್ಮ ಬಿಡುಗಡೆಯೂ ಅಲ್ಲಿಗೇ ಕೂತುಬಿಡುತ್ತೆ.

ಅಡವಿಟ್ಟ ಬಂಗಾರ ಇದ್ದರೆ ಅದರ ಮೇಲೆ ಮೊದಲ ಹಕ್ಕು ಅಡವು ಹಿಡಿದವರದೇ. ಸರ್ಕಾರಕ್ಕೆ ಕೊಡಬೇಕಾದ್ದು, ಮೋಸ ಮಾಡಿ ತಂದ ಸಾಲ, ಇವು ಬಿಡುಗಡೆಯಲ್ಲಿ ಹೋಗಲ್ಲ. ಸೇಠರಿಗೆ ಕೊಟ್ಟ ಚೆಕ್ ಬೌನ್ಸ್ ಆಗಿದ್ದರೆ ಅದು ಕ್ರಿಮಿನಲ್ ಕೇಸು, ದಿವಾಳಿ ಅರ್ಜಿಯಿಂದ ನಿಲ್ಲುತ್ತೆ ಅಂದುಕೊಳ್ಳಬೇಡಿ.

ನನ್ನನ್ನು ಕೇಳಿದರೆ, ಪ್ಲಾಟ್ ಇರುವವರು ಮೊದಲು ಅದನ್ನು ಸರಿಯಾದ ಬೆಲೆಗೆ ಮಾರಿ, ಬ್ಯಾಂಕ್ ಮತ್ತು ಸೊಸೈಟಿ ಜೊತೆ ಒಂದೇ ಸಲದ ಇತ್ಯರ್ಥಕ್ಕೆ ಕೂರುವುದು ಒಳ್ಳೆಯದು. ಲೋಕ ಅದಾಲತ್‌ನಲ್ಲಿ ಆದರೆ ಅದು ಕೋರ್ಟಿನ ತೀರ್ಪು (ಡಿಕ್ರಿ) ಇದ್ದಂತೆ, ಮೇಲೆ ಅಪೀಲೂ ಇಲ್ಲ. ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲಿ "ಸೆಟಲ್ಡ್" ಅಂತ ಕಲೆ ಬೀಳುತ್ತೆ, ಬೀಳಲಿ. ಅಷ್ಟಾಗಿಯೂ ಉಳಿದ ಸಾಲ ದುಡಿದು ತೀರುವಂಥದ್ದಲ್ಲ ಅಂತಾದರೆ ದಿವಾಳಿ ಅರ್ಜಿಗೆ ನಾಚಿಕೆ ಬೇಡ. ಕಾನೂನು ಇರುವುದೇ ಅದಕ್ಕೆ.

ಸ್ವಸಹಾಯ ಸಂಘದ ಅಕ್ಕ, ಆಳಂದ:
ತಮ್ಮಾ, ನಿನ್ನ ಹೆಂಡತಿಯ ಸಾಲ ಅವಳದೇ, ನಿನ್ನ ಅರ್ಜಿಯಲ್ಲಿ ಅದು ಮುಗಿಯಲ್ಲ. ಆದರೆ ವಸೂಲಿಯವರು ಬಾಗಿಲಲ್ಲಿ ಕೂತು ಮರ್ಯಾದೆ ತೆಗೆದರೆ ಸುಮ್ಮನಿರಬೇಡ. 2025ರಲ್ಲಿ ರಾಜ್ಯ ಸರ್ಕಾರ ಕಿರುಸಾಲಕ್ಕೆ ಬಲವಂತ ಮಾಡುವವರ ಮೇಲೆ ಕಾಯ್ದೆ ತಂದಿದೆ, ಹತ್ತು ವರ್ಷದವರೆಗೆ ಶಿಕ್ಷೆ ಇದೆ. ಮೈಕ್ರೋ ಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ ಕೂಡ ಹೇಳಿದೆ. ನಮ್ಮ ಓಣಿಯಲ್ಲಿ ಒಬ್ಬಾಕೆ ಕರೆ ಬಂದ ಹೊತ್ತನ್ನೆಲ್ಲ ಕ್ಯಾಲೆಂಡರ್ ಮೇಲೇ ಬರೆದಿಟ್ಟಿದ್ದಳು. ಪೊಲೀಸ್ ಠಾಣೆಯಲ್ಲಿ ಅದೇ ಕೆಲಸಕ್ಕೆ ಬಂತು.

ಆ ನೂರಕ್ಕೆ ಐದರವನಿಗೆ ಲೈಸನ್ಸ್ ಇದೆಯಾ ಕೇಳು. ವರ್ಷಕ್ಕೆ ನೂರಕ್ಕೆ ಅರವತ್ತು ಆಯ್ತಲ್ಲಪ್ಪಾ! ಲೈಸನ್ಸ್ ಇದ್ದವರಿಗೂ ಅಡವಿಲ್ಲದ ಸಾಲಕ್ಕೆ ಸರ್ಕಾರ ಇಟ್ಟಿರುವ ಮಿತಿ 16.

ಹುಮನಾಬಾದ್ ಟೇಲರ್:
ಲೈಸನ್ಸ್ ಕೇಳುವ ಧೈರ್ಯ ಇಷ್ಟು ದಿನ ಇರಲಿಲ್ಲ ಅಕ್ಕಾ. ಖಾಲಿ ಚೆಕ್ ಬೇರೆ ಅವರ ಹತ್ತಿರ ಇದೆ. ಷಡ್ಡಕನಿಗೆ ಇವತ್ತು ರಾತ್ರಿ ಎಲ್ಲಾ ಹೇಳುತ್ತೇನೆ. ವಕೀಲರ ಫೀಸಿಗೆ ದುಡ್ಡಿಲ್ಲ, ಅದಕ್ಕೇನಾದರೂ ದಾರಿ?

ಗುಮಾಸ್ತ, ಕಲಬುರಗಿ:
ಅಲ್ಲೇ ಹುಮನಾಬಾದ್ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಆದಾಯ ಮಿತಿಯೊಳಗಿದ್ದರೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಮಹಿಳೆಯರಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದಾಯದ ಪ್ರಶ್ನೆಯೇ ಇಲ್ಲ, ಹಾಗಾಗಿ ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ. ಫೋನ್ ಮಾಡುವುದಾದರೆ 15100. ಆ ಖಾಲಿ ಚೆಕ್ಕಿನ ನಂಬರ್, ಯಾವ ಬ್ಯಾಂಕು, ಯಾವಾಗ ಕೊಟ್ಟಿರಿ, ಅಷ್ಟನ್ನೂ ಬರೆದುಕೊಂಡೇ ಹೋಗಿ. ಸೊಸೈಟಿ ಪಾಸ್‌ಬುಕ್ ಮರೆಯಬೇಡಿ.