ಮಿಸ್ಟರ್ ಬೀನ್ ಮಾಡಿದ ನಟನಿಗೆ ನಿಜವಾಗಲೂ ಮಾತು ಬರ್ತಿರಲಿಲ್ವಾ?

ಅರ್ಧನಿದ್ದೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಿಗ್ಗೆ ನಮ್ಮ ಮನೆಯವರ ಗ್ರೂಪಿಗೆ ಚಿಕ್ಕಪ್ಪ ಒಂದು ಉದ್ದದ ಫಾರ್ವರ್ಡ್ ಹಾಕಿದ್ದಾರೆ. ಮಿಸ್ಟರ್ ಬೀನ್ ಪಾತ್ರದ ರೋವನ್ ಅಟ್ಕಿನ್ಸನ್ ಬಗ್ಗೆ. ಬಡವರ ಮನೆಯಲ್ಲಿ ಹುಟ್ಟಿದ, ಉಗ್ಗು ಇತ್ತು, ಮುಖ ನೋಡಿಯೇ ಎಲ್ಲಾ ಟಿವಿಯವರೂ ವಾಪಸ್ ಕಳಿಸಿದರು, ಮಾತು ಬರಲ್ಲ ಅಂತ ಮಾತಿಲ್ಲದ ಪಾತ್ರ ಮಾಡಿದ, ಕೊನೆಗೆ ಕೋಟ್ಯಧಿಪತಿಯಾದ, ಆದ್ದರಿಂದ ನೀವೂ ಎದೆಗುಂದಬೇಡಿ. ಹೀಗೆ ಸಾಗುತ್ತದೆ.

ನನಗೆ ಯಾಕೋ ಇದು ಹೆಣೆದ ಕಥೆ ಅನ್ನಿಸಿತು. ಹಾಗಂತ ಗ್ರೂಪಿನಲ್ಲೇ ಬರೆದುಬಿಟ್ಟೆ. ಈಗ ಚಿಕ್ಕಪ್ಪ "ಸುಳ್ಳು ಅಂದ್ಯಲ್ಲ, ತೋರಿಸು" ಅಂತ ಪಟ್ಟು ಹಿಡಿದು ಕೂತಿದ್ದಾರೆ. ಗೊತ್ತಿರುವವರು ದಯವಿಟ್ಟು ಹೇಳಿ. ಉಗ್ಗು ಇದ್ದದ್ದು ನಿಜವಾ? ಬೀನ್ ಬಿಟ್ಟು ಬೇರೆ ಏನು ಮಾಡಿದ್ದಾನೆ? ಇನ್ನೊಂದು, ಬೀನ್ ಕಂತುಗಳು ಬೆರಳೆಣಿಕೆಯಷ್ಟೇ ಅಂತ ಅದರಲ್ಲಿದೆ, ನಾನು ಚಿಕ್ಕವನಿದ್ದಾಗ ನೂರಾರು ನೋಡಿದ ನೆನಪು. ಆಮೇಲೆ, ಅವನು ತೀರಿಕೊಂಡ ಅಂತಾನೂ ಒಂದು ಸಲ ಓದಿದ್ದೆ, ಅದು?

ಹಳೇಆಂಟೆನಾ ಬರೆದದ್ದು:

ಕೊನೆಯದನ್ನು ಮೊದಲು ಮುಗಿಸೋಣ. ಆ ಸಾವಿನ ಸುದ್ದಿ ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಸಲ ಎದ್ದು ಬರುತ್ತದೆ. ಸುಳ್ಳು. ಅದರ ಜೊತೆ ಬರುವ ಲಿಂಕ್ ಒತ್ತಬೇಡಿ ಅಷ್ಟೇ.

ಈಗ ಬಡತನ. ಅಟ್ಕಿನ್ಸನ್ ಹುಟ್ಟಿದ್ದು 1955ರ ಜನವರಿ 6ರಂದು, ಇಂಗ್ಲೆಂಡಿನ ಉತ್ತರದಲ್ಲಿರುವ ಕಾನ್ಸೆಟ್ ಊರಿನಲ್ಲಿ. ಅಪ್ಪನಿಗೆ ಸ್ವಂತ ಜಮೀನಿತ್ತು. ಮಗ ಓದಿದ್ದು ಡರ್ಹ್ಯಾಮ್‌ನ ಕೋರಿಸ್ಟರ್ ಸ್ಕೂಲಿನಲ್ಲಿ, ಮುಂದೆ ಪ್ರಧಾನಿಯಾದ ಟೋನಿ ಬ್ಲೇರ್ ಓದಿದ್ದೂ ಅಲ್ಲೇ. ಆಮೇಲೆ ನ್ಯೂಕಾಸಲ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಅದಾದ ಮೇಲೆ ಆಕ್ಸ್‌ಫರ್ಡ್‌ನಲ್ಲಿ ಅದೇ ವಿಷಯದಲ್ಲಿ ಎಂಎಸ್ಸಿ. ಇದನ್ನು ಬಡತನ ಅಂದರೆ ನಾವೆಲ್ಲ ಏನು ಅಂತ ಕರೆದುಕೊಳ್ಳಬೇಕೋ ಗೊತ್ತಿಲ್ಲ.

ಆಕ್ಸ್‌ಫರ್ಡ್‌ನಲ್ಲೇ ರಿಚರ್ಡ್ ಕರ್ಟಿಸ್ ಸಿಕ್ಕಿದ್ದು. ಇವನು ನಟಿಸೋದು, ಅವನು ಬರೆಯೋದು. ಹೊವರ್ಡ್ ಗುಡಾಲ್ ಸಿಕ್ಕಿದ್ದೂ ಅಲ್ಲೇ, ಸಂಗೀತ ಅವನದು. ಬೀನ್ ಶುರುವಾಗುವಾಗ ಚರ್ಚಿನಲ್ಲಿ ಹಾಡಿದ ಹಾಗೆ ಗಂಭೀರವಾಗಿ ಲ್ಯಾಟಿನ್ ಹಾಡು ಬರುತ್ತದಲ್ಲ, ಅದು ಅವನು ಮಾಡಿದ್ದು. ಅರ್ಥ ಏನು ಗೊತ್ತಾ? ನೋಡಿ, ಹುರುಳಿಕಾಯಿಯಾದ ಮನುಷ್ಯ! ಅಷ್ಟು ಭಕ್ತಿಯಿಂದ ಹಾಡಿರೋದು ಇದನ್ನ.

ಟಿವಿಯವರು ಓಡಿಸಿದರು ಅನ್ನೋದಂತೂ ಪೂರ್ತಿ ಉಲ್ಟಾ. 1979ರಲ್ಲಿ, ಅಂದರೆ 24ನೇ ವಯಸ್ಸಿಗೇ, ಬಿಬಿಸಿಯ ನಾಟ್ ದಿ ನೈನ್ ಒ ಕ್ಲಾಕ್ ನ್ಯೂಸ್ ಅನ್ನೋ ಅಣಕು ಕಾರ್ಯಕ್ರಮದಲ್ಲಿ ನಾಲ್ಕು ಮುಖ್ಯ ಮುಖಗಳಲ್ಲಿ ಇವನೂ ಒಬ್ಬ. ಅದಕ್ಕೆ ಬಾಫ್ಟಾ ಅನ್ನೋ ಬ್ರಿಟನ್ನಿನ ಸಿನಿಮಾ-ಟಿವಿ ಪ್ರಶಸ್ತಿಯೂ ಬಂತು. ಅಲ್ಲಿ ಇವನು ಗೆದ್ದದ್ದು ಮಾತಿನಿಂದ.

ಉಗ್ಗು ನಿಜ. ಅದನ್ನು ಅವನೇ ಹೇಳಿಕೊಂಡಿದ್ದಾನೆ. ಬ ಅನ್ನುವ ಅಕ್ಷರ ಬಂದರೆ ತಡವರಿಕೆ. ಆದರೆ ಬೇರೆಯವನ ಪಾತ್ರಕ್ಕೆ ಇಳಿದ ಕೂಡಲೇ ಉಗ್ಗು ಹೆಚ್ಚುಕಡಿಮೆ ಮಾಯ. ಆ ಬ ಅನ್ನು ತುಟಿ ಒತ್ತಿ, ಬಾಟಲಿಯ ಬಿರಡೆ ತೆಗೆದ ಹಾಗೆ ಪಟ್ ಅಂತ ಹೇಳುವ ಅಭ್ಯಾಸ ಇವನಿಗೆ ಬಂದದ್ದು ಹೀಗೆ, ಮತ್ತೆ ಅದೇ ಅವನ ಹಾಸ್ಯದ ಗುರುತೂ ಆಯಿತು. ಬಾಬ್ ಅನ್ನುವ ಒಂದೇ ಹೆಸರು ಹೇಳಿ ನಗಿಸುತ್ತಾನೆ.

ಕಂತುಗಳ ಲೆಕ್ಕ ಮಾತ್ರ ಫಾರ್ವರ್ಡ್‌ನಲ್ಲಿ ಇರೋದು ಸರಿ. ಒಟ್ಟು 15. ಮೊದಲನೆಯದು 1990ರ ಜನವರಿ 1ರಂದು. ಒಂದೊಂದು 25 ನಿಮಿಷ ಅಂದುಕೊಂಡರೂ ಒಟ್ಟು ಆರೂಕಾಲು ಗಂಟೆ. ನೂರಾರು ನೋಡಿದ ನೆನಪು ಬಹುಶಃ 2002ರಿಂದ ಬಂದ ಕಾರ್ಟೂನಿನದು, ಜೊತೆಗೆ ಅದೇ 15 ಅನ್ನು ತಿರುಗಿಸಿ ತಿರುಗಿಸಿ ಹಾಕಿದ್ದು.

ಕಪ್ಪುಹಾವು ಬರೆದದ್ದು:

ಮೇಲಿನವರು ಮುಖ್ಯವಾದದ್ದನ್ನೇ ಬಿಟ್ಟರಲ್ಲ ಮಾರಾಯ್ರೆ. ಬ್ಲ್ಯಾಕ್‌ಆ್ಯಡರ್, ಬಿಬಿಸಿಯಲ್ಲಿ ಬಂದ ಅವನ ಹಾಸ್ಯ ಸರಣಿ!

ಇಂಗ್ಲೆಂಡಿನವರನ್ನು ಕೇಳಿ ನೋಡಿ, ತುಂಬಾ ಜನಕ್ಕೆ ಅಟ್ಕಿನ್ಸನ್ ಅಂದರೆ ಮೊದಲು ನೆನಪಾಗೋದು ಇದೇ. 1983ರಿಂದ 1989ರವರೆಗೆ ನಾಲ್ಕು ಸರಣಿ, ಒಂದೊಂದರಲ್ಲಿ ಆರು ಕಂತು. ಒಂದೊಂದು ಸರಣಿ ಒಂದೊಂದು ಕಾಲದ್ದು, ಆದರೆ ಎಲ್ಲದರಲ್ಲೂ ಅದೇ ಹೆಸರಿನ ಯಜಮಾನ, ಅದೇ ಹೆಸರಿನ ಆಳು. ಮೊದಲ ಸರಣಿಗೆ ಕೋಟೆ, ಕುದುರೆ ಅಂತ ದುಡ್ಡು ಸುರಿದರು, ಅಷ್ಟು ನಗು ಬರಲಿಲ್ಲ. ಬಿಬಿಸಿ ನಿಲ್ಲಿಸುವ ಯೋಚನೆಯಲ್ಲಿತ್ತು. ಕೊನೆಗೆ ಖರ್ಚು ಕಡಿಮೆ ಮಾಡಿ ಸ್ಟುಡಿಯೋ ಒಳಗೇ ತೆಗೆದರು. ಬರೆಯೋದನ್ನು ಅಟ್ಕಿನ್ಸನ್ ಬಿಟ್ಟ, ಆ ಜಾಗಕ್ಕೆ ಬೆನ್ ಎಲ್ಟನ್ ಬಂದ. ಇನ್ನೊಂದು ಬದಲಾವಣೆಯೂ ಆಯಿತು. ಮೊದಲ ಸರಣಿಯಲ್ಲಿ ಯಜಮಾನ ಪೆದ್ದ, ಆಳು ಚುರುಕು. ಎರಡನೆಯದರಿಂದ ಅದನ್ನು ತಿರುಗಿಸಿಬಿಟ್ಟರು. ಸುತ್ತ ಎಲ್ಲರೂ ದಡ್ಡರು, ನಡುವೆ ಇವನೊಬ್ಬನೇ ಬುದ್ಧಿವಂತ, ಆದರೂ ಪ್ರತಿ ಸಲ ಸಿಕ್ಕಿಬೀಳೋದು ಇವನೇ. ಅಲ್ಲಿಂದ ಹಿಡಿದದ್ದು ನೋಡಿ. ಕತ್ತರಿ ಹಾಕಿದ ಹಾಗೆ ಮಾತು.

ನಾಲ್ಕನೆಯದು ಮೊದಲ ಮಹಾಯುದ್ಧದ ಕಂದಕದಲ್ಲಿ ನಡೆಯುತ್ತದೆ. ಹೇಗಾದರೂ ಮಾಡಿ ಅಲ್ಲಿಂದ ತಪ್ಪಿಸಿಕೊಳ್ಳಬೇಕು ಅನ್ನೋದೇ ಅವನ ಇಡೀ ಗುರಿ. ಕೊನೆಯ ಕಂತಿನಲ್ಲಿ ತಪ್ಪಿಸಿಕೊಳ್ಳಲು ಆಗಲ್ಲ. ಎಲ್ಲರೂ ಮೇಲೆ ಹತ್ತಿ ಗುಂಡಿಗೆ ಎದುರಾಗಿ ಓಡುತ್ತಾರೆ, ಆ ಮೈದಾನ ನಿಧಾನಕ್ಕೆ ಗಸಗಸೆ ಹೂವಿನ ಬಯಲಾಗುತ್ತದೆ, ಅಲ್ಲಿನವರಿಗೆ ಅದು ಯುದ್ಧದಲ್ಲಿ ಸತ್ತವರ ನೆನಪಿನ ಹೂವು. ಹಾಸ್ಯದ ಸರಣಿ ಹೀಗೆ ಮುಗಿಯುತ್ತದೆ ಅಂತ ಯಾರಂದುಕೊಂಡಿರ್ತಾರೆ? ನಾನು ನೋಡಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಅದು ಬಂದದ್ದು 1989ರ ನವೆಂಬರ್ 2ರಂದು. ಹೆಚ್ಚುಕಡಿಮೆ ಎರಡು ತಿಂಗಳಿಗೆ ಅದೇ ಮುಖ ಪರೀಕ್ಷೆಯ ಕೋಣೆಯಲ್ಲಿ ಪಕ್ಕದವನ ಉತ್ತರ ಇಣುಕುತ್ತಾ ಕೂತಿತ್ತು, ಬೀನ್ ಮೊದಲ ಕಂತು. ಅಂದರೆ ಮಾತು ಬರದೆ ಬಾಯಿ ಮುಚ್ಚಿದ್ದಲ್ಲ, ಮಾತಿನಲ್ಲಿ ಮೇಲೆ ಹೋಗಿ ಕೂತವನು ಬೇಕಂತಲೇ ಕೆಳಗಿಳಿದು ಬಂದದ್ದು. ನನ್ನ ಮಟ್ಟಿಗೆ ಅವನ ನಿಜವಾದ ಕೆಲಸ ಬ್ಲ್ಯಾಕ್‌ಆ್ಯಡರ್. ಬೀನ್ ಮಕ್ಕಳಿಗೆ.

ಟೆಡ್ಡಿ15 ಬರೆದದ್ದು:

"ಬೀನ್ ಮಕ್ಕಳಿಗೆ" ಅಂತ ಒಂದೇ ಮಾತಲ್ಲಿ ತಳ್ಳಿಬಿಟ್ಟಿರಿ. ಒಪ್ಪಲ್ಲ. "ಕೆಳಗಿಳಿದು ಬಂದದ್ದು" ಅನ್ನೋದನ್ನೂ ಒಪ್ಪಲ್ಲ.

ಬೇಕಂತಲೇ ಅನ್ನೋದು ಮಾತ್ರ ಸರಿ, ಅದಕ್ಕೆ ಒಂದು ಸಾಕ್ಷಿ ಸೇರಿಸುತ್ತೇನೆ. 1987ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಹಾಸ್ಯೋತ್ಸವಕ್ಕೆ ಹೋದಾಗ ಇವನು ತನ್ನನ್ನು ಇಂಗ್ಲಿಷಿನವರ ಜೊತೆ ಹಾಕಬೇಡಿ, ಫ್ರೆಂಚ್ ಭಾಷೆಯ ಕಾರ್ಯಕ್ರಮದಲ್ಲಿ ಹಾಕಿ ಅಂತ ಕೇಳಿದ. ಫ್ರೆಂಚ್‌ನಲ್ಲಿ ಹೇಳೋಕೆ ಇವನ ಹತ್ತಿರ ಏನೂ ಇರಲಿಲ್ಲ, ಉತ್ಸವ ನಡೆಸುವವರಿಗೋ ತಲೆಬುಡ ಅರ್ಥವಾಗಲಿಲ್ಲ. ಇಂಗ್ಲಿಷ್ ಬಾರದವರು ಈ ಪಾತ್ರ ನೋಡಿ ನಗುತ್ತಾರಾ ಅಂತ ಪರೀಕ್ಷೆ ಮಾಡಿದ್ದು ಅದು. ಎಂಜಿನಿಯರ್ ಬುದ್ಧಿ ಬಿಡಲ್ಲ ನೋಡಿ, ಯಂತ್ರ ಹೊರಗೆ ಬಿಡುವ ಮೊದಲು ಓಡಿಸಿ ನೋಡಬೇಕು.

ಈಗ ಕಷ್ಟ ಯಾವುದು ಅಂತ ಯೋಚನೆ ಮಾಡಿ. ಮಾತಿದ್ದರೆ ಬರೆದವನು ಅರ್ಧ ಹೊರೆ ಹೊರುತ್ತಾನೆ. ಬೀನ್ ಚರ್ಚಿನಲ್ಲಿ ನಿದ್ದೆ ತಡೆಯಲಾಗದೆ ತೂಕಡಿಸಿ ತೂಕಡಿಸಿ ನೆಲಕ್ಕೆ ಬೀಳುವ ದೃಶ್ಯ ಇದೆಯಲ್ಲ, ಅಲ್ಲಿ ಬರೆಯೋದೇನಿದೆ? ಮನುಷ್ಯ ಮಲಗಿದ ಅಂತ ಒಂದು ಸಾಲು. ಉಳಿದದ್ದೆಲ್ಲ ಕತ್ತು, ಸೊಂಟ, ಕಣ್ಣುರೆಪ್ಪೆ. ಪಕ್ಕದಲ್ಲಿ ಕೂತವನು ಎಷ್ಟು ಗಂಭೀರವಾಗಿರುತ್ತಾನೋ ಅಷ್ಟು ನಗು ಜಾಸ್ತಿ, ಅದೂ ಲೆಕ್ಕವೇ.

ಬೀನ್ ಅಂದರೆ ದೊಡ್ಡವನ ಮೈಯೊಳಗೆ ಕೂತ ಮಗು ಅಂತ ಅಟ್ಕಿನ್ಸನ್ನೇ ಹೇಳಿದ್ದಾನೆ. ಮುದ್ದು ಮಗು ಅಲ್ಲ, ಸ್ವಾರ್ಥಿ ಮಗು. ಆ ಮೂರು ಗಾಲಿಯ ನೀಲಿ ಕಾರನ್ನು ಎಷ್ಟು ಸಲ ಉರುಳಿಸುತ್ತಾನೆ, ಒಂದು ಸಲವಾದರೂ ಪಾಪ ಅನ್ನಿಸಿತಾ ಅವನಿಗೆ? ಇನ್ನೊಂದು ತಮಾಷೆ ಅಂದರೆ ಈ ಪಾತ್ರ ಮಾಡೋದು ತನಗೆ ಖುಷಿ ಕೊಡಲ್ಲ, ಒತ್ತಡ, ಸುಸ್ತು ಅಂತ 2021ರಲ್ಲಿ ಹೇಳಿಕೊಂಡ. ದನಿ ಮಾತ್ರ ಕೊಡುವ ಕಾರ್ಟೂನೇ ಸುಲಭವಂತೆ.

ಅಂದಹಾಗೆ 1997ರ ಬೀನ್ ಸಿನಿಮಾ 25 ಕೋಟಿ ಡಾಲರ್ ದಾಟಿತು. ಅದರ ನಿರ್ದೇಶಕ ಮೆಲ್ ಸ್ಮಿತ್, 1979ರ ಆ ನಾಲ್ಕು ಮುಖಗಳಲ್ಲಿ ಒಬ್ಬ. ಫಾರ್ವರ್ಡ್‌ನ ಕೋಟ್ಯಧಿಪತಿ ಅನ್ನೋ ಮಾತನ್ನು ಬಿಟ್ಟುಬಿಡಿ, ಅದು ಸರಿಯಾಗಿಯೇ ಇದೆ.

ಕಪ್ಪುಹಾವು ಬರೆದದ್ದು:

ಚರ್ಚ್ ದೃಶ್ಯ ಸರಿ, ಒಪ್ಪಿದೆ. ಆದರೆ ಅಟ್ಕಿನ್ಸನ್ ಬರೀ ಹಾಜರಿ ಕೂಗುವ ಮೇಷ್ಟ್ರಾಗಿ ಬರುವ ತುಣುಕು ನೋಡಿದ್ದೀರಾ? ಹೆಸರುಗಳನ್ನು ಓದುತ್ತಾ ಹೋಗುತ್ತಾನೆ, ಅಷ್ಟೇ. ಎದುರಿಗೆ ಮಕ್ಕಳೂ ಇಲ್ಲ. ಎರಡು ಹೆಸರಿನ ನಡುವೆ ಅವನು ನಿಲ್ಲಿಸಿ ನೋಡುವ ನೋಟಕ್ಕೆ ಜನ ಬಿದ್ದು ಬಿದ್ದು ನಗುತ್ತಾರೆ. ಮಾತು, ಮೌನ ಎರಡೂ ಅದರಲ್ಲೇ ಇವೆ. ಅದನ್ನು ನೋಡಿಬನ್ನಿ, ಆಮೇಲೆ ಜಗಳ ಮುಂದುವರಿಸೋಣ.

ಅರ್ಧನಿದ್ದೆ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಚಿಕ್ಕಪ್ಪನಿಗೆ ಕಳಿಸಿದೆ. ಒಂದು ಹೆಬ್ಬೆರಳು ಬಂತು. ಅರ್ಧ ಗಂಟೆ ಬಿಟ್ಟು ಇನ್ನೊಂದು ಫಾರ್ವರ್ಡ್ ಬಂತು. ಮಿಸ್ಟರ್ ಬೀನ್ ಆಕಾಶದಲ್ಲಿ ವಿಮಾನ ಓಡಿಸಿ ಹೆಂಡತಿ ಮಕ್ಕಳನ್ನು ಉಳಿಸಿದನಂತೆ. ಇದಂತೂ ಸುಳ್ಳೇ ಅಂತ ಬರೆಯೋಣ ಅಂತಿದ್ದೀನಿ, ಅಲ್ವಾ?

ಹಳೇಆಂಟೆನಾ ಬರೆದದ್ದು:

ಬರೆಯಬೇಡಿ, ಬರೆಯಬೇಡಿ! ಅದು ನಡೆದದ್ದು. 2001ರಲ್ಲಿ ಕೆನ್ಯಾಕ್ಕೆ ರಜೆಗೆ ಹೋಗಿದ್ದಾಗ, ಸಣ್ಣ ಬಾಡಿಗೆ ವಿಮಾನದ ಪೈಲಟ್ ಹಾರುತ್ತಿರುವಾಗಲೇ ಎಚ್ಚರ ತಪ್ಪಿದ. ಇವನಿಗೆ ವಿಮಾನ ಓಡಿಸಿ ಗೊತ್ತಿಲ್ಲ. ಕಾರು ಗೊತ್ತು, ಲಾರಿ ಲೈಸೆನ್ಸ್ ಕೂಡ ಇದೆ, ವಿಮಾನ ಗೊತ್ತಿಲ್ಲ. ಆದರೂ ಪೈಲಟ್‌ಗೆ ಎಚ್ಚರ ಬರುವ ತನಕ ಅದು ಬೀಳದ ಹಾಗೆ ಹಿಡಿದುಕೊಂಡ. ನೈರೋಬಿಯಲ್ಲಿ ಇಳಿಸಿದ್ದು ಮಾತ್ರ ಪೈಲಟ್ಟೇ. ನಿಮ್ಮ ಚಿಕ್ಕಪ್ಪನ ಫಾರ್ವರ್ಡ್‌ನಲ್ಲಿ ಬೀನೇ ಇಳಿಸಿದ ಅಂತ ಇದ್ದರೆ ಅಷ್ಟನ್ನು ತಿದ್ದಿ ಸಾಕು.